ಕೂಲಿಂಗ್ ಟವರ್‌ನಲ್ಲಿ ನೀರಿನ ಹಂಚಿಕೆ: ಒಂದು ಸಕ್ಕರೆ ಕಾರ್ಖಾನೆಯ ಪ್ರಕರಣ ಅಧ್ಯಯನ

ಕೃಷ್ಣಾ ಕೊಳ್ಳದ ಕಬ್ಬಿನ ಸೀಮೆಯಲ್ಲಿರುವ ಒಂದು ಸಕ್ಕರೆ ಕಾರ್ಖಾನೆಯ 30 ಮೆಗಾವಾಟ್ ಸಹವಿದ್ಯುತ್ ಘಟಕವು, ನುರಿಸುವ ಹಂಗಾಮು ಮುಗಿದ ಮೇಲೆ, ಉಳಿಸಿಟ್ಟ ಬಗ್ಯಾಸನ್ನು, ಅಂದರೆ ರಸ ಹಿಂಡಿದ ಕಬ್ಬಿನ ಸಿಪ್ಪೆಯನ್ನು, ಉರಿಸಿ ಬೇಸಿಗೆಯಲ್ಲೂ ವಿದ್ಯುತ್ ಉತ್ಪಾದಿಸುತ್ತಿತ್ತು. ಆ ಬೇಸಿಗೆಯಲ್ಲಿ ಟರ್ಬೈನಿನಿಂದ ಹೊರಬಂದ ಹಬೆಯನ್ನು ತಣಿಸಿ ನೀರಾಗಿಸುವ ಕಂಡೆನ್ಸರಿನಲ್ಲಿ ವ್ಯಾಕ್ಯೂಮ್ (ನಿರ್ವಾತ) ನಿಲ್ಲುತ್ತಿಲ್ಲವೆಂಬ ದೂರು ಶುರುವಾಯಿತು. ಹಂಗಾಮಿನ ದಿನಗಳಲ್ಲಿ ಹಬೆಯ ದೊಡ್ಡ ಪಾಲು ರಸ ಕಾಯಿಸುವ ಕೆಲಸಕ್ಕೆ ಹೋಗುವುದರಿಂದ ಕಂಡೆನ್ಸರಿಗೆ ಬರುವ ಹಬೆ ಕಡಿಮೆ, ಆದ್ದರಿಂದ ಕಂಡೆನ್ಸರಿನಿಂದ ಬರುವ ಬಿಸಿನೀರನ್ನು ತಣಿಸುವ ಕೂಲಿಂಗ್ ಟವರ್‌ನ ಮೇಲಿನ ಹೊರೆಯೂ ಕಡಿಮೆ. ಹಂಗಾಮು ಮುಗಿದೊಡನೆ ಹಬೆಯೆಲ್ಲವೂ ಕಂಡೆನ್ಸರಿಗೇ ಇಳಿಯುತ್ತದೆ, ಅದೂ ವರ್ಷದ ಅತ್ಯಂತ ಬಿಸಿಯ ತಿಂಗಳುಗಳಲ್ಲಿ. ಹೀಗಾಗಿ ಟವರ್‌ನಲ್ಲಿ ಯಾವ ಕೊರತೆಯಿದ್ದರೂ ಅದು ಚಳಿಗಾಲದಲ್ಲಿ ಮರೆಯಾಗಿದ್ದು ಏಪ್ರಿಲ್, ಮೇ ಹೊತ್ತಿಗೆ ತಲೆಯೆತ್ತುವುದು ಸಹಜ.

ಟವರ್ ಮೂರು ಸೆಲ್‌ಗಳ (ವಿಭಾಗಗಳ), ಮೇಲಿನ ಫ್ಯಾನ್ ಗಾಳಿಯನ್ನು ಎಳೆದುಕೊಳ್ಳುವ, ಕೌಂಟರ್‌ಫ್ಲೋ ಮಾದರಿಯದು. ಅಂದರೆ ನೀರು ಮೇಲಿನಿಂದ ಕೆಳಗಿಳಿಯುವಾಗ ಗಾಳಿ ಅದಕ್ಕೆದುರಾಗಿ ಕೆಳಗಿನಿಂದ ಮೇಲೇರುತ್ತದೆ. ಪ್ರತಿ ಸೆಲ್‌ನ ಅಳತೆ 14 ಮೀಟರ್‌ಗೆ 14 ಮೀಟರ್. ಮೂರೂ ಸೆಲ್ ಸೇರಿ ಗಂಟೆಗೆ 6,000 ಘನ ಮೀಟರ್ ನೀರನ್ನು 42 ಡಿಗ್ರಿಯಿಂದ 32 ಡಿಗ್ರಿ ಸೆಲ್ಸಿಯಸ್‌ಗೆ, 27 ಡಿಗ್ರಿ ವೆಟ್ ಬಲ್ಬ್ ತಾಪಮಾನದಲ್ಲಿ ಇಳಿಸಬೇಕೆಂಬುದು ವಿನ್ಯಾಸ. ವೆಟ್ ಬಲ್ಬ್ ಎಂದರೆ ಒದ್ದೆಬಟ್ಟೆ ಸುತ್ತಿದ ತಾಪಮಾಪಕ ಗಾಳಿಯಲ್ಲಿ ತೋರಿಸುವ ತಾಪಮಾನ; ಟವರ್‌ನಲ್ಲಿ ನೀರು ಅದಕ್ಕಿಂತ ಕೆಳಗೆ ತಣಿಯಲಾರದು. ಬಿಸಿನೀರಿಗೂ ತಣ್ಣೀರಿಗೂ ಇರುವ ಅಂತರಕ್ಕೆ ರೇಂಜ್ ಎಂದೂ, ತಣ್ಣೀರಿಗೂ ವೆಟ್ ಬಲ್ಬ್ ತಾಪಮಾನಕ್ಕೂ ಇರುವ ಅಂತರಕ್ಕೆ ಅಪ್ರೋಚ್ ಎಂದೂ ಹೆಸರು. ವೆಟ್ ಬಲ್ಬ್ ತಾಪಮಾನ 25 ಡಿಗ್ರಿಯಿದ್ದ ಮಧ್ಯಾಹ್ನಗಳಲ್ಲಿ ಇದೇ ಹೊರೆಗೆ ತಣ್ಣೀರು ಹೆಚ್ಚುಕಡಿಮೆ 31 ಡಿಗ್ರಿಯಲ್ಲಿ ಸಿಗಬೇಕಿತ್ತು, ಸಿಗುತ್ತಿದ್ದುದು 33.2. ಎರಡು ಡಿಗ್ರಿಯ ವ್ಯತ್ಯಾಸ ಕೇಳುವುದಕ್ಕೆ ಚಿಕ್ಕದು. ಆದರೆ ಕಂಡೆನ್ಸರಿನಲ್ಲಿ ಹಬೆ ನೀರಾಗುವ ತಾಪಮಾನ 45ರಿಂದ 47 ಡಿಗ್ರಿಗೆ ಏರಿದರೆ ಅಲ್ಲಿನ ಒತ್ತಡ ಸುಮಾರು 9.6 ಕಿಲೋಪಾಸ್ಕಲ್‌ನಿಂದ 10.6ಕ್ಕೆ ಏರುತ್ತದೆ, ಮತ್ತು ಅಷ್ಟೇ ಹಬೆಯಿಂದ ಟರ್ಬೈನ್ ಕೊಡುವ ವಿದ್ಯುತ್ ಕಡಿಮೆಯಾಗುತ್ತದೆ. ಉಳಿಸಿಟ್ಟ ಬಗ್ಯಾಸಿನ ರಾಶಿ ಎಷ್ಟು ದಿನ ಬರುತ್ತದೆಂಬ ಲೆಕ್ಕದ ಮೇಲೆ ನಡೆಯುವ ಘಟಕಕ್ಕೆ ಇದು ನೇರ ನಷ್ಟ.

ಲಾಗ್ ಶೀಟಿನಲ್ಲಿ ಎರಡು ಅಂಕಿಗಳು ಮಾತ್ರ ಎಲ್ಲರಿಗೂ ಸಮಾಧಾನ ಕೊಡುತ್ತಿದ್ದವು. ರೇಂಜ್ ಸರಿಯಾಗಿ 10 ಡಿಗ್ರಿ ಬರುತ್ತಿತ್ತು, ಮತ್ತು ಟವರ್‌ಗೆ ಹೋಗುವ ಬಿಸಿನೀರಿನ ಮುಖ್ಯ ಕೊಳವೆಯ ಮೇಲಿದ್ದ ಒತ್ತಡಮಾಪಕ ಎಂದಿನಂತೆ ಚದರ ಸೆಂಟಿಮೀಟರಿಗೆ 1.1 ಕೆ.ಜಿ. ತೋರಿಸುತ್ತಿತ್ತು. ಈ ಎರಡು ಅಂಕಿಗಳಿಂದಾಗಿಯೇ ನೀರಿನ ಹಂಚಿಕೆಯ ಕಡೆಗೆ ಯಾರ ಗಮನವೂ ಹರಿಯಲಿಲ್ಲ. ರೇಂಜ್ ಸರಿಯಿದೆ ಎಂಬುದರಿಂದ ಟವರ್ ಸರಿಯಿದೆ ಎಂದು ತೀರ್ಮಾನಿಸುವುದು ನಮ್ಮ ಕಾರ್ಖಾನೆಗಳಲ್ಲಿ ಎಷ್ಟು ಸಾಮಾನ್ಯವೋ ಅಷ್ಟೇ ತಪ್ಪು: ಕಂಡೆನ್ಸರ್ ಎಷ್ಟು ಶಾಖವನ್ನು ನೀರಿಗೆ ಹಾಕುತ್ತದೆಯೋ ಅಷ್ಟನ್ನು ಟವರ್ ಹೊರಹಾಕಲೇಬೇಕು, ಇಲ್ಲವಾದರೆ ನೀರು ಬಿಸಿಯಾಗುತ್ತಲೇ ಹೋಗುತ್ತದೆ. ಆದ್ದರಿಂದ ರೇಂಜ್ ಎಂಬುದು ಶಾಖದ ಹೊರೆಯನ್ನು ನೀರಿನ ಪ್ರಮಾಣದಿಂದ ಭಾಗಿಸಿದಾಗ ಸಿಗುವ ಅಂಕಿ. ಹದಗೆಟ್ಟ ಟವರ್ ಅದೇ 10 ಡಿಗ್ರಿಯನ್ನು 43ರಿಂದ 33ಕ್ಕೆ ಇಳಿಸಿ ಕೊಡುತ್ತದೆ. ಟವರ್‌ನ ಆರೋಗ್ಯವನ್ನು ಹೇಳುವುದು ಅಪ್ರೋಚ್.

ಮೊದಲು ಫ್ಯಾನ್‌ಗಳ ಮೇಲೆ ಅನುಮಾನ ಬಂದು, ಬ್ಲೇಡುಗಳ ಕೋನವನ್ನು ಹೆಚ್ಚಿಸಿ ಮೋಟಾರುಗಳನ್ನು ಅವುಗಳ ಮಿತಿಯ ಹತ್ತಿರಕ್ಕೆ ತರಲಾಯಿತು. ತಣ್ಣೀರು ಹೇಳಿಕೊಳ್ಳುವಷ್ಟು ಇಳಿಯಲಿಲ್ಲ. ಬಳಿಕ ಎರಡು ಪಂಪುಗಳ ಜೊತೆಗೆ ಮೀಸಲಿನ ಮೂರನೆಯ ಪಂಪನ್ನೂ ಓಡಿಸಲಾಯಿತು. ನೀರು ಹೆಚ್ಚಿದ್ದರಿಂದ ರೇಂಜ್ ಕುಗ್ಗಿ ಬಿಸಿನೀರಿನ ತಾಪಮಾನ ಇಳಿಯಿತು, ಅದನ್ನೇ ಸುಧಾರಣೆಯೆಂದು ಒಂದು ಪಾಳಿಯವರು ಬರೆದೂ ಇಟ್ಟರು. ತಣ್ಣೀರು ಮಾತ್ರ ಇದ್ದಲ್ಲೇ ಇತ್ತು, ಪಂಪಿನ ಬಾಬ್ತು ಸುಮಾರು 250 ಕಿಲೋವಾಟ್ ವಿದ್ಯುತ್ ಹೆಚ್ಚುವರಿಯಾಗಿ ಹೋಗತೊಡಗಿತ್ತು. ನೀರಿನ ರಾಸಾಯನಿಕ ಉಪಚಾರ ನೋಡಿಕೊಳ್ಳುವ ಗುತ್ತಿಗೆದಾರರು ಕಂಡೆನ್ಸರ್ ನಳಿಕೆಗಳಲ್ಲಿ ಪೊರೆ ಕಟ್ಟಿಲ್ಲವೆಂದು ತೋರಿಸಿಕೊಟ್ಟರು. ಆ ಮಾತು ನಿಜವೂ ಆಗಿತ್ತು. ಪರಿಶೀಲನೆ ನಮ್ಮ ಕೈಗೆ ಬಂದದ್ದು ಈ ಹಂತದಲ್ಲಿ.

ಹಂಚಿಕೆಯ ವ್ಯವಸ್ಥೆ ಕೆಲಸ ಮಾಡುವ ಬಗೆ

ಕೂಲಿಂಗ್ ಟವರ್‌ನಲ್ಲಿ ನೀರು ತಣ್ಣಗಾಗುವುದು ಬಹುಮಟ್ಟಿಗೆ ಅದರ ಅತ್ಯಲ್ಪ ಭಾಗ ಆವಿಯಾಗುವುದರಿಂದ. ಈ ಟವರ್‌ನಲ್ಲಿ ಗಂಟೆಗೆ ಸುಮಾರು 90 ಘನ ಮೀಟರ್, ಅಂದರೆ ನೂರಕ್ಕೆ ಒಂದೂವರೆ ಪಾಲು ಮಾತ್ರ ಆವಿಯಾಗಿ ಹೋಗುತ್ತದೆ. ನೀರಿನ ಮೇಲ್ಮೈಗೆ ಅಂಟಿದ ತೆಳುಗಾಳಿಯ ಪದರದ ತೇವಕ್ಕೂ ಹಾದುಹೋಗುವ ಗಾಳಿಯ ತೇವಕ್ಕೂ ಇರುವ ವ್ಯತ್ಯಾಸವೇ ಈ ಕೆಲಸವನ್ನು ಮಾಡಿಸುತ್ತದೆ. ಜರ್ಮನಿಯ ಫ್ರೆಡರಿಕ್ ಮೆರ್ಕೆಲ್ 1925ರಲ್ಲಿ ಮುಂದಿಟ್ಟ ಸಮೀಕರಣವನ್ನು ಇಂದಿಗೂ ಟವರ್ ವಿನ್ಯಾಸಕರು ಬಳಸುತ್ತಾರೆ. ಅದರಲ್ಲಿ ನೀರಿಗೂ ಗಾಳಿಗೂ ಇರುವ ಪ್ರಮಾಣ ಮುಖ್ಯ ಅಂಕಿ. ಆದರೆ ಆ ಲೆಕ್ಕವನ್ನು ಮಾಡುವಾಗ ಫಿಲ್‌ನ, ಅಂದರೆ ನೀರನ್ನು ತೆಳುವಾಗಿ ಹರಡಿ ಗಾಳಿಗೆ ಒಡ್ಡುವ ಹಾಳೆಗಳ ಜೋಡಣೆಯ, ಪ್ರತಿ ಚದರ ಮೀಟರಿನ ಮೇಲೂ ಒಂದೇ ಪ್ರಮಾಣದ ನೀರು ಬೀಳುತ್ತದೆಂದು ಮೊದಲೇ ಒಪ್ಪಿಕೊಂಡಿರುತ್ತಾರೆ. ಕಾಗದದ ಮೇಲಿನ ಈ ಒಪ್ಪಿಗೆಯನ್ನು ಟವರ್‌ನೊಳಗೆ ನಿಜಮಾಡುವುದು ಹಂಚಿಕೆಯ ವ್ಯವಸ್ಥೆಯ ಕೆಲಸ.

ಇಲ್ಲಿನ ವ್ಯವಸ್ಥೆ ಹೀಗಿತ್ತು. ಬಿಸಿನೀರಿನ ಮುಖ್ಯ ಕೊಳವೆ ಮೂರೂ ಸೆಲ್‌ಗಳ ಪಕ್ಕದಲ್ಲಿ ಸಾಗಿ ಮೂರನೆಯ ಸೆಲ್‌ನ ಬಳಿ ಮುಚ್ಚಿಕೊಳ್ಳುತ್ತದೆ. ಅದರಿಂದ ಪ್ರತಿ ಸೆಲ್‌ಗೆ ಒಂದು ವಾಲ್ವ್ ಮತ್ತು 600 ಮಿ.ಮೀ. ವ್ಯಾಸದ ರೈಸರ್ ಮೇಲೇರಿ, ಸೆಲ್‌ನ ನಡುಮಧ್ಯೆ ಹಾದುಹೋಗುವ ಹೆಡರ್ ಎಂಬ ಕೊಳವೆಗೆ ಕೂಡುತ್ತದೆ. ಹೆಡರ್‌ನ ಎರಡೂ ಬದಿಗೆ ಹದಿನಾರು ಹದಿನಾರರಂತೆ 150 ಮಿ.ಮೀ. ಪಿವಿಸಿ ಕೊಳವೆಗಳು, ಅಂದರೆ ಲ್ಯಾಟರಲ್‌ಗಳು, ಹೊರಗೋಡೆಯ ತನಕ ಚಾಚಿಕೊಂಡಿವೆ. ಪ್ರತಿ ಲ್ಯಾಟರಲ್‌ನ ಅಡಿಯಲ್ಲಿ ಎಂಟು ನಾಜಲ್‌ಗಳು. ಸೆಲ್ ಒಂದಕ್ಕೆ ಒಟ್ಟು 256. ಕೊಳವೆಗೆ ಕೊರೆದ 50 ಮಿ.ಮೀ. ತೂತಿಗೆ ನಾಜಲನ್ನು ಸಿಕ್ಕಿಸಿದೆ, ನಾಜಲ್‌ನ ಬಾಯಿ 26 ಮಿ.ಮೀ. ಬಾಯಿಂದ ಇಳಿದ ನೀರು ಕೆಳಗಿನ ಹಲ್ಲುಹಲ್ಲಾದ ತಟ್ಟೆಗೆ ಬಡಿದು ಕೊಡೆಯಂತೆ ಅಗಲಿಸಿ, ಸುತ್ತಲಿನ ನಾಜಲ್‌ಗಳ ಕೊಡೆಗಳೊಂದಿಗೆ ಅಂಚುಗಳಲ್ಲಿ ಬೆರೆತು ಫಿಲ್‌ನ ಮೇಲೆ ಬೀಳುತ್ತದೆ. ಈ ಕೊಡೆ ಸರಿಯಾಗಿ ಅರಳಬೇಕಾದರೆ ನಾಜಲ್‌ಗೂ ಫಿಲ್‌ಗೂ ನಡುವೆ ಸಾಕಷ್ಟು ಎತ್ತರವಿರಬೇಕು, ನಾಜಲ್‌ನ ಬಾಯಲ್ಲಿ ಸಾಕಷ್ಟು ಒತ್ತಡವೂ ಇರಬೇಕು. ಒತ್ತಡ ಕಡಿಮೆಯಾದರೆ ಕೊಡೆ ಮುದುಡಿ ನೀರು ನಡುವೆಯೇ ಸುರಿಯುತ್ತದೆ.

ನಾಜಲ್‌ಗೆ ಬೇಕಾದ ಒತ್ತಡ ಎಷ್ಟು ಅಲ್ಪವೆಂಬುದನ್ನು ಗಮನಿಸಬೇಕು. ತೂತಿನ ಮೂಲಕ ಹರಿಯುವ ನೀರಿನ ವೇಗ ಅದರ ಮೇಲಿರುವ ನೀರಿನ ಎತ್ತರದ ವರ್ಗಮೂಲಕ್ಕೆ ಅನುಗುಣವಾಗಿರುತ್ತದೆ. ಒಂದು ಮೀಟರ್ ನೀರಿನ ಎತ್ತರವಿದ್ದರೆ ವೇಗ ಸೆಕೆಂಡಿಗೆ 4.4 ಮೀಟರ್. ನಯವಾಗಿ ಕಿರಿದಾಗುವ 26 ಮಿ.ಮೀ. ಬಾಯಿಯಿಂದ ಈ ಎತ್ತರದಲ್ಲಿ ಗಂಟೆಗೆ 7.6 ಘನ ಮೀಟರ್ ನೀರು ಇಳಿಯುತ್ತದೆ. ಸೆಲ್ ಒಂದಕ್ಕೆ 2,000 ಘನ ಮೀಟರ್ ಬೇಕಾದಾಗ ನಾಜಲ್ ಒಂದರ ಪಾಲು 7.8, ಅದಕ್ಕೆ ಒಂದು ಮೀಟರ್‌ಗಿಂತ ತುಸು ಹೆಚ್ಚಿನ ಎತ್ತರ ಸಾಕು. ಟವರ್‌ಗೆ ಕೊಡುವ ಒಟ್ಟು ಒತ್ತಡದ ಉಳಿದ ಭಾಗವೆಲ್ಲ ನೀರನ್ನು ಅಷ್ಟು ಮೇಲಕ್ಕೆ ಎತ್ತುವುದಕ್ಕೂ ಕೊಳವೆಯ ಘರ್ಷಣೆಗೂ ಖರ್ಚಾಗುತ್ತದೆ.

ಲ್ಯಾಟರಲ್‌ನ ಮೊದಲ ನಾಜಲ್‌ಗೂ ಕೊನೆಯ ನಾಜಲ್‌ಗೂ ಒಂದೇ ಒತ್ತಡ ಸಿಗುವುದು ಹೇಗೆಂಬುದು ಮುಂದಿನ ಪ್ರಶ್ನೆ. ಕೊನೆಯದಕ್ಕೆ ಒತ್ತಡ ಕಡಿಮೆ ಎಂಬುದು ಎಲ್ಲರ ಊಹೆ, ಆದರೆ ಕಿರುದೂರದ ಕೊಳವೆಗಳಲ್ಲಿ ಅದು ತಲೆಕೆಳಗಾಗುವುದೇ ಹೆಚ್ಚು. ದಾರಿಯುದ್ದಕ್ಕೂ ನಾಜಲ್‌ಗಳು ನೀರನ್ನು ಹೊರಬಿಡುತ್ತ ಹೋದಂತೆ ಕೊಳವೆಯೊಳಗಿನ ವೇಗ ಇಳಿಯುತ್ತದೆ, ಇಳಿದ ವೇಗ ಒತ್ತಡವಾಗಿ ಮರಳುತ್ತದೆ, ಮತ್ತು ಘರ್ಷಣೆಯಲ್ಲಿ ಕಳೆದದ್ದನ್ನು ಇದು ಮೀರಿಸಿದರೆ ಕೊನೆಯ ನಾಜಲ್‌ಗೇ ಒತ್ತಡ ಹೆಚ್ಚು. ಈ ಏರುಪೇರನ್ನು ಚಿಕ್ಕದಾಗಿಡುವ ಉಪಾಯ ಒಂದೇ: ಕೊಳವೆಯ ಒಳಬಾಯಿಯ ವಿಸ್ತೀರ್ಣವನ್ನು ನಾಜಲ್‌ಗಳ ಬಾಯಿಗಳ ಒಟ್ಟು ವಿಸ್ತೀರ್ಣಕ್ಕಿಂತ ಬಹಳ ದೊಡ್ಡದಾಗಿಡುವುದು. ಇಲ್ಲಿ ಎಂಟು ಬಾಯಿಗಳ ಒಟ್ಟು ವಿಸ್ತೀರ್ಣ ಲ್ಯಾಟರಲ್‌ನ ಒಳಬಾಯಿಯ ವಿಸ್ತೀರ್ಣದ ಕಾಲುಭಾಗದಷ್ಟು. ಲ್ಯಾಟರಲ್‌ನ ಆರಂಭದಲ್ಲಿ ನೀರಿನ ವೇಗ ಸೆಕೆಂಡಿಗೆ ಸುಮಾರು ಒಂದು ಮೀಟರ್, ಆ ವೇಗ ಪೂರ್ತಿಯಾಗಿ ಒತ್ತಡವಾದರೂ ಐದು ಸೆಂಟಿಮೀಟರ್ ನೀರಿನ ಎತ್ತರ. ನಾಜಲ್‌ನಿಂದ ನಾಜಲ್‌ಗೆ ನೀರಿನಲ್ಲಿ ಆಗುವ ವ್ಯತ್ಯಾಸ ನೂರಕ್ಕೆ ಎರಡು ಮೂರು ಮಾತ್ರ. ವಿನ್ಯಾಸದಲ್ಲಿ ದೋಷವಿರಲಿಲ್ಲ ಎಂದು ಇಷ್ಟರಿಂದ ಖಚಿತವಾಯಿತು.

ಗಾಳಿ ನೀರಿಗೆ ಅಡ್ಡಲಾಗಿ ಹಾಯುವ ಕ್ರಾಸ್‌ಫ್ಲೋ ಟವರ್‌ಗಳಲ್ಲಿ ಈ ಕೆಲಸವೆಲ್ಲ ಕಣ್ಣೆದುರಿಗೇ ನಡೆಯುತ್ತದೆ. ಮೇಲ್ಭಾಗದ ತೆರೆದ ತೊಟ್ಟಿಯಲ್ಲಿ ಒಂದು ಗೇಣಿಗಿಂತ ಕಡಿಮೆ ನೀರು ನಿಂತಿರುತ್ತದೆ, ತಳದ ತೂತುಗಳಿಂದ ತನ್ನ ಭಾರದಿಂದಲೇ ಕೆಳಗಿಳಿಯುತ್ತದೆ. ಯಾವ ತೂತು ಕಟ್ಟಿದೆಯೆಂಬುದನ್ನು ಫ್ಯಾನ್ ನಡೆಯುತ್ತಿರುವಾಗಲೇ ಮೇಲೆ ಹತ್ತಿ ನೋಡಬಹುದು. ಕೌಂಟರ್‌ಫ್ಲೋ ಟವರ್‌ನಲ್ಲಿ ನಾಜಲ್‌ಗಳು ಫಿಲ್‌ಗೂ, ಗಾಳಿಯೊಂದಿಗೆ ಹಾರುವ ಹನಿಗಳನ್ನು ತಡೆಯುವ ಡ್ರಿಫ್ಟ್ ಎಲಿಮಿನೇಟರ್‌ಗಳಿಗೂ ನಡುವೆ ಅಡಗಿರುತ್ತವೆ. ಫ್ಯಾನನ್ನು ನಿಲ್ಲಿಸಿ, ಸ್ವಿಚ್ಚಿಗೆ ಬೀಗ ಹಾಕಿ, ಎಲಿಮಿನೇಟರ್ ಎತ್ತದ ಹೊರತು ಅವು ಕಾಣಿಸುವುದಿಲ್ಲ. ಪೂರ್ತಿ ಹೊರೆಯಲ್ಲಿ ಓಡುತ್ತಿರುವ ಘಟಕದಲ್ಲಿ ಇದಕ್ಕೆ ಒಪ್ಪಿಗೆ ಪಡೆಯುವುದು ಸುಲಭವಲ್ಲ, ಹಾಗಾಗಿ ಕೆಳಗಿನಿಂದಲೇ ಪರೀಕ್ಷೆ ಆರಂಭಿಸಬೇಕಾಯಿತು.

ಬಕೆಟ್ ಪರೀಕ್ಷೆ

ಫಿಲ್‌ನ ಕೆಳಗೆ, ತಣಿದ ನೀರು ಬಂದು ಸೇರುವ ತಳದ ತೊಟ್ಟಿಯಾದ ಬೇಸಿನ್‌ನ ಮೇಲೆ ಹಲಗೆ ಹಾಸಿ, 30 ಸೆಂಟಿಮೀಟರ್ ಚದರದ ಬಾಯಿಯ ತಗಡಿನ ಡಬ್ಬಗಳನ್ನು ನಿಗದಿತ ಜಾಗಗಳಲ್ಲಿ ಅರ್ಧ ನಿಮಿಷ ಹಿಡಿದು, ಸಿಕ್ಕ ನೀರನ್ನು ಅಳೆದು, ಅದರ ತಾಪಮಾನವನ್ನೂ ಬರೆದುಕೊಳ್ಳಲಾಯಿತು. ಸೆಲ್‌ಗೆ 2,000 ಘನ ಮೀಟರ್ ನೀರು ಸಮನಾಗಿ ಬಿದ್ದರೆ ಪ್ರತಿ ಡಬ್ಬದಲ್ಲಿ ಏಳೂವರೆ ಲೀಟರ್‌ಗಿಂತ ತುಸು ಹೆಚ್ಚು ನೀರಿರಬೇಕು. ಈ ಕೆಲಸದಲ್ಲಿ ಹನಿಗಳ ಮಂಜು ಮೂಗಿಗೇರುವುದರಿಂದ, ಮತ್ತು ಅಂಥ ಬೆಚ್ಚನೆಯ ನೀರಿನಲ್ಲಿ ಲೀಜನೆಲ್ಲ ಎಂಬ ಬ್ಯಾಕ್ಟೀರಿಯಾ ಬೆಳೆಯಬಲ್ಲದಾದ್ದರಿಂದ, ಒಳಗಿಳಿದವರೆಲ್ಲರೂ ತಕ್ಕ ಮಾಸ್ಕ್ ಧರಿಸಿದ್ದರು. ಮಾಸ್ಕ್ ಇಲ್ಲದೆ ಒಳಗಿಳಿಯುವುದು ಹಲವು ಕಡೆಗಳ ರೂಢಿಯಾದ್ದರಿಂದ ಇದನ್ನಿಲ್ಲಿ ಹೇಳಿದೆ.

ನಡುವಿನ ಎರಡನೆಯ ಸೆಲ್‌ನಲ್ಲಿ ಡಬ್ಬಗಳು ಆರೂವರೆಯಿಂದ ಎಂಟೂವರೆ ಲೀಟರ್ ತೋರಿಸಿದವು, ನೀರು 31ರಿಂದ 32 ಡಿಗ್ರಿ. ಆ ಸೆಲ್‌ನಲ್ಲಿ ಹೇಳುವಂಥದ್ದೇನೂ ಇರಲಿಲ್ಲ. ಮೊದಲನೆಯ ಸೆಲ್‌ನಲ್ಲಿ ಬಹುತೇಕ ಜಾಗಗಳಲ್ಲಿ ಸುಮಾರು ಏಳು ಲೀಟರ್ ಸಿಕ್ಕರೂ, ಅಲ್ಲಲ್ಲಿ ಡಬ್ಬ ತುಂಬಿ ಹೊರಚೆಲ್ಲುತ್ತಿತ್ತು, ಮತ್ತು ಅಂಥ ಜಾಗಗಳ ನೀರು 40 ಡಿಗ್ರಿಯ ಆಸುಪಾಸಿನಲ್ಲಿತ್ತು: ಮೇಲೆ 43 ಡಿಗ್ರಿಯಲ್ಲಿ ಹೊರಟ ನೀರು ಫಿಲ್ ಮೂಲಕ ಇಳಿದೂ ಮೂರು ಡಿಗ್ರಿಯಷ್ಟೇ ತಣಿದಿತ್ತು. ಮೂರನೆಯ ಸೆಲ್‌ನಲ್ಲಿ ಹೆಡರ್‌ನ ಹತ್ತಿರ ಎಂಟು ಲೀಟರ್, ಹೊರಗೋಡೆಗಳ ಕಡೆಗೆ ಹೋದಂತೆ ಎರಡು, ಒಂದು, ಕೆಲವೆಡೆ ಸೊನ್ನೆ.

ಇದೇ ಮೂರನೆಯ ಸೆಲ್ ಎಲ್ಲಕ್ಕಿಂತ ಚೆನ್ನಾಗಿ ಕೆಲಸ ಮಾಡುತ್ತಿದೆಯೆಂದು ಪಾಳಿಯ ಸಿಬ್ಬಂದಿ ನಂಬಿದ್ದರು. ಆ ನಂಬಿಕೆಗೆ ಆಧಾರವೂ ಇತ್ತು. ಅವರು ದಿನವೂ ಗಾಳಿ ಒಳನುಗ್ಗುವ ಕಿಂಡಿಗಳ ಅಂಚಿನಲ್ಲಿ ನಿಂತು, ಕೈಗೆಟಕುವಲ್ಲಿ ಬೀಳುವ ಹನಿಗಳ ತಾಪಮಾನ ಅಳೆಯುತ್ತಿದ್ದರು. ಮೂರನೆಯ ಸೆಲ್‌ನ ಅಂಚಿನಲ್ಲಿ 27 ಡಿಗ್ರಿಯ ನೀರು ಸಿಗುತ್ತಿತ್ತು, ಉಳಿದೆರಡರ ಅಂಚಿನಲ್ಲಿ 31ಕ್ಕಿಂತ ಕಡಿಮೆ ಎಂದೂ ಇಲ್ಲ. ನೀರು ಬಹಳ ಕಡಿಮೆಯಿದ್ದು ಗಾಳಿ ಯಥೇಚ್ಛವಾಗಿದ್ದ ಕಡೆ ಆ ಸ್ವಲ್ಪ ನೀರು ವೆಟ್ ಬಲ್ಬ್ ತಾಪಮಾನದ ಹತ್ತಿರಕ್ಕೆ ಇಳಿಯುತ್ತದೆ, ಇಳಿಯಲೇಬೇಕು. ಆದರೆ ಹನಿಹನಿಯಾಗಿ ಬೀಳುವ 27 ಡಿಗ್ರಿಯ ನೀರಿನಿಂದ ಧಾರೆಯಾಗಿ ಬೀಳುವ 40 ಡಿಗ್ರಿಯ ನೀರನ್ನು ಸರಿದೂಗಿಸಲಾಗದು. ತಾಪಮಾನದ ಅಂಕಿಯ ಪಕ್ಕದಲ್ಲಿ ಪ್ರಮಾಣದ ಅಂಕಿ ಇಲ್ಲದಿದ್ದುದರಿಂದ, ಅತ್ಯಂತ ಹದಗೆಟ್ಟ ಅಂಚು ಅತ್ಯುತ್ತಮವಾಗಿ ಕಂಡಿತ್ತು.

ಒಣಗಿದ ಅಂಚಿನಿಂದ ಇನ್ನೂ ಒಂದು ನಷ್ಟವಿದೆ. ಗಾಳಿ ತನಗೆ ಕಡಿಮೆ ತಡೆ ಇರುವ ದಾರಿಯನ್ನು ಹಿಡಿಯುತ್ತದೆ. ನೀರು ಬೀಳದ ಫಿಲ್‌ನಲ್ಲಿ ತಡೆ ಕಡಿಮೆ, ಆದ್ದರಿಂದ ಫ್ಯಾನ್ ಎಳೆಯುವ ಗಾಳಿಯಲ್ಲಿ ನ್ಯಾಯವಾದ ಪಾಲಿಗಿಂತ ಹೆಚ್ಚು ಅಲ್ಲಿಂದಲೇ ಏರಿ, ಯಾವ ಕೆಲಸವನ್ನೂ ಮಾಡದೆ ಹೊರಹೋಗುತ್ತದೆ. ನೀರು ದಟ್ಟವಾಗಿ ಬೀಳುವ ಕಡೆಗೆ ಗಾಳಿ ಇನ್ನಷ್ಟು ಕಡಿಮೆಯಾಗುತ್ತದೆ. ಫ್ಯಾನ್ ಬ್ಲೇಡುಗಳ ಕೋನ ಹೆಚ್ಚಿಸಿದಾಗ ಫಲ ಸಿಗದೆ ಹೋದದ್ದರ ಕಾರಣ ಇದು. ಹೆಚ್ಚಿನ ಗಾಳಿಯ ದೊಡ್ಡ ಪಾಲು ಒಣ ಜಾಗದಿಂದಲೇ ಹಾದುಹೋಗಿತ್ತು.

ಮಾಪಕ ಏಕೆ ಸುಮ್ಮನಿತ್ತು

ಮೊದಲ ಸೆಲ್‌ನಲ್ಲಿ ನಾಜಲ್‌ಗಳು ಕಳಚಿಬಿದ್ದಿವೆ, ಮೂರನೆಯದರಲ್ಲಿ ಕಟ್ಟಿಕೊಂಡಿವೆ ಎಂಬ ಅನುಮಾನ ಬಕೆಟ್ ಪರೀಕ್ಷೆಯಿಂದ ಹುಟ್ಟಿತು. ಘಟಕವನ್ನು ನಿಲ್ಲಿಸದೆ ಇದನ್ನು ದೃಢಪಡಿಸಲು ಎರಡು ಅಳತೆಗಳು ಬೇಕಾದವು. ಕೊಳವೆಯ ಹೊರಮೈಗೆ ಹಚ್ಚುವ ಅಲ್ಟ್ರಾಸಾನಿಕ್ ಮಾಪಕದಿಂದ ಮೂರೂ ರೈಸರ್‌ಗಳ ಹರಿವನ್ನು ಅಳೆದಾಗ ಗಂಟೆಗೆ ಕ್ರಮವಾಗಿ 2,370, 2,010 ಮತ್ತು 1,570 ಘನ ಮೀಟರ್ ಸಿಕ್ಕಿತು. ಪ್ರತಿ ಸೆಲ್‌ನ ಹೆಡರ್‌ಗೆ ಒಂದು ಚಿಕ್ಕ ಟ್ಯಾಪಿಂಗ್ ಮಾಡಿ, ಅದಕ್ಕೆ ಪಾರದರ್ಶಕ ಪ್ಲಾಸ್ಟಿಕ್ ನಳಿಕೆಯನ್ನು ಜೋಡಿಸಿ ನೆಟ್ಟಗೆ ಕಟ್ಟಲಾಯಿತು. ಅದರಲ್ಲಿ ನೀರು ಏರಿ ನಿಂತ ಮಟ್ಟವೇ ನಾಜಲ್‌ಗಳ ಮೇಲಿನ ಒತ್ತಡ. ಅದು ನಾಜಲ್ ಬಾಯಿಂದ ಕ್ರಮವಾಗಿ 95, 106 ಮತ್ತು 115 ಸೆಂಟಿಮೀಟರ್ ಇತ್ತು. ಕೆಲವೇ ರೂಪಾಯಿಯ ಈ ನಳಿಕೆ, ದುಬಾರಿ ಮಾಪಕದಷ್ಟೇ ಉಪಕಾರ ಮಾಡಿತು.

ಎರಡು ಅಂಕಿಗಳನ್ನು ಜೊತೆಯಾಗಿಟ್ಟಾಗ ಚಿತ್ರ ಸ್ಪಷ್ಟವಾಯಿತು. ಮೊದಲ ಸೆಲ್‌ನಲ್ಲಿ ಒತ್ತಡ ಕಡಿಮೆ, ನೀರು ಹೆಚ್ಚು: ಅಂದರೆ ನೀರಿಳಿಯುವ ಬಾಯಿಗಳ ಒಟ್ಟು ಅಳತೆ ಇರಬೇಕಾದುದಕ್ಕಿಂತ ದೊಡ್ಡದಾಗಿದೆ. ಮೂರನೆಯದರಲ್ಲಿ ಒತ್ತಡ ಹೆಚ್ಚು, ನೀರು ಕಡಿಮೆ: ಬಾಯಿಗಳು ಮುಚ್ಚಿವೆ. ಒತ್ತಡವನ್ನಷ್ಟೇ ನೋಡುವವರಿಗೆ ಮೂರನೆಯ ಸೆಲ್ ಉಳಿದವಕ್ಕಿಂತ ಸದೃಢವಾಗಿ ಕಾಣುತ್ತದೆ, ಹರಿವನ್ನಷ್ಟೇ ನೋಡುವವರಿಗೆ ಮೊದಲನೆಯದು. ಹರಿವನ್ನು ಒತ್ತಡದ ವರ್ಗಮೂಲದಿಂದ ಭಾಗಿಸಿದ ಅಂಕಿಯೊಂದೇ ನಾಜಲ್‌ಗಳ ನಿಜಸ್ಥಿತಿಯನ್ನು ಹೇಳುತ್ತದೆ, ಮತ್ತು ಅದು ಎರಡನೆಯ ಸೆಲ್‌ಗೆ ಹೋಲಿಸಿದರೆ ಮೊದಲನೆಯದರಲ್ಲಿ ನೂರಕ್ಕೆ 25ರಷ್ಟು ಹೆಚ್ಚು, ಮೂರನೆಯದರಲ್ಲಿ ನೂರಕ್ಕೆ 25ರಷ್ಟು ಕಡಿಮೆ ಇತ್ತು.

ಒಂದು ಸೆಲ್‌ನ ಹೆಚ್ಚಳವೂ ಮತ್ತೊಂದರ ಇಳಿಕೆಯೂ ಹೆಚ್ಚುಕಡಿಮೆ ಒಂದೇ ಆಗಿದ್ದುದು ಈ ಪ್ರಕರಣದ ವಿಶೇಷ. ಮುಖ್ಯ ಕೊಳವೆಯ ದೃಷ್ಟಿಯಿಂದ ಮೂರು ಸೆಲ್‌ಗಳ ಒಟ್ಟು ಬಾಯಿ ಬದಲಾಗಿಯೇ ಇರಲಿಲ್ಲ, ಒಟ್ಟು ಹರಿವೂ 5,950 ಇದ್ದು ವಿನ್ಯಾಸಕ್ಕೆ ತಾಳೆಯಾಗುತ್ತಿತ್ತು. ಅದಕ್ಕೆ ಸೇರಿ ಮಾಪಕದ ಇತಿಮಿತಿ. ಅದು ನೆಲಮಟ್ಟದಲ್ಲಿದ್ದು ತೋರಿಸುತ್ತಿದ್ದ ಸುಮಾರು 11 ಮೀಟರ್ ನೀರಿನ ಒತ್ತಡದಲ್ಲಿ ನಾಜಲ್‌ಗಳ ಪಾಲು ಹತ್ತರಲ್ಲಿ ಒಂದು. ನಾಜಲ್ ಮೇಲಿನ ಒತ್ತಡ ಮೂರನೇ ಒಂದರಷ್ಟು ಕುಸಿದಿದ್ದರೂ ಮುಳ್ಳು 0.03 ಕೆ.ಜಿ.ಯಷ್ಟೇ ಸರಿಯುತ್ತಿತ್ತು, ಅದರ ಮುಖದ ಮೇಲಿನ ಅತಿ ಚಿಕ್ಕ ಗೆರೆಯಂತರ 0.1. ಮೂರೂ ಸೆಲ್‌ಗಳಲ್ಲಿ ನಾಜಲ್‌ಗಳು ಒಟ್ಟಿಗೆ ಕಟ್ಟಿಕೊಂಡಿದ್ದರೂ ಆ ಮಾಪಕ ಅದನ್ನು ಬೇಗ ಹೇಳುತ್ತಿರಲಿಲ್ಲ.

ಮೂರನೆಯ ಪಂಪ್ ಏಕೆ ನಿಷ್ಫಲವಾಯಿತೆಂಬುದಕ್ಕೂ ಉತ್ತರ ಇಲ್ಲೇ ಇದೆ. ಸಮಾನಾಂತರವಾಗಿ ಜೋಡಿಸಿದ ಪಂಪುಗಳಲ್ಲಿ ಮೂರನೆಯದನ್ನು ಸೇರಿಸಿದರೆ ಹರಿವು ಒಂದೂವರೆ ಪಟ್ಟಾಗದು. ಇಲ್ಲಿ ಅದು 7,000ದ ಹತ್ತಿರ ನಿಂತಿತು. ಆ ಹೆಚ್ಚುವರಿ ನೀರು ಕೂಡ ಬಾಯಿಗಳ ಅಳತೆಗೆ ತಕ್ಕಂತೆಯೇ ಹಂಚಿಹೋಗಿ, ತೆರೆದ ತೂತುಗಳಿಗೆ ಹೆಚ್ಚು, ಕಟ್ಟಿದ ನಾಜಲ್‌ಗಳಿಗೆ ಏನೂ ಇಲ್ಲದಂತಾಯಿತು.

ಒಳಗೆ ಕಂಡದ್ದು

ರಾತ್ರಿ ಹೊರೆ ಇಳಿಸಿ, ಒಂದೊಂದೇ ಸೆಲ್‌ನ ಫ್ಯಾನ್ ನಿಲ್ಲಿಸಿ ವಾಲ್ವ್ ಮುಚ್ಚಿ, ಎಲಿಮಿನೇಟರ್‌ಗಳನ್ನು ಎತ್ತಿ ಒಳಗಿಳಿದಾಗ ಲೆಕ್ಕ ಹೇಳಿದ್ದೇ ಕಣ್ಣಿಗೂ ಕಂಡಿತು. ಮೊದಲ ಸೆಲ್‌ನಲ್ಲಿ 43 ನಾಜಲ್‌ಗಳು ಇರಲೇ ಇಲ್ಲ. ಕೆಲವು ಫಿಲ್‌ನ ಮೇಲೆ ಬಿದ್ದಿದ್ದವು, ಹಲವು ಎಲ್ಲೋ ಜಾರಿಹೋಗಿದ್ದವು. ನಾಜಲ್ ಕಳಚಿದ 50 ಮಿ.ಮೀ. ತೂತಿನಿಂದ ಅದೇ ಒತ್ತಡದಲ್ಲಿ ಗಂಟೆಗೆ 18 ಘನ ಮೀಟರ್‌ಗೂ ಹೆಚ್ಚು ನೀರು ಇಳಿಯುತ್ತದೆ, ಅಂದರೆ ಸರಿಯಾದ ನಾಜಲ್‌ನ ಎರಡೂವರೆ ಪಟ್ಟು. ಅದೂ ಕೊಡೆಯಾಗಿ ಹರಡದೆ ಗಟ್ಟಿ ಧಾರೆಯಾಗಿ ಒಂದೇ ಕಡೆ ಕೊರೆದು ಫಿಲ್‌ನ ಹಾಳೆಗಳ ನಡುವೆ ನೇರವಾಗಿ ಕೆಳಗಿಳಿಯುತ್ತದೆ. 43 ತೂತುಗಳಿಂದ ಹೀಗೆ ಇಳಿಯುತ್ತಿದ್ದುದು ಗಂಟೆಗೆ ಸುಮಾರು 790 ಘನ ಮೀಟರ್, ಆ ಸೆಲ್‌ನ ನೀರಿನ ಮೂರನೇ ಒಂದು ಭಾಗ, ಇಡೀ ಟವರ್‌ನ ನೀರಿನ ನೂರಕ್ಕೆ 13. ತಣ್ಣೀರಿನ ತಾಪಮಾನ ಎರಡು ಡಿಗ್ರಿ ಏರಿದ್ದರಲ್ಲಿ ದೊಡ್ಡ ಪಾಲು ಈ ಧಾರೆಗಳದ್ದೇ. ಕಟ್ಟಿದ ನಾಜಲ್‌ಗಿಂತ ಕಳಚಿದ ನಾಜಲ್ ಕೆಟ್ಟದ್ದು ಎಂಬುದು ನನ್ನ ತೀರ್ಮಾನ: ಕಟ್ಟಿದ್ದು ತನ್ನ ಜಾಗವೊಂದನ್ನು ಒಣಗಿಸುತ್ತದೆ, ಕಳಚಿದ್ದು ತಣಿಯದ ನೀರನ್ನು ಬೇಸಿನ್‌ಗೆ ಸೇರಿಸಿ ಉಳಿದೆಲ್ಲ ನಾಜಲ್‌ಗಳ ದುಡಿಮೆಯನ್ನು ಕೆಡಿಸುತ್ತದೆ.

ಕಳಚಿದ್ದಕ್ಕೆ ಕಾರಣ ಹುಡುಕುವುದು ಕಷ್ಟವಾಗಲಿಲ್ಲ. ತೂತಿಗೂ ನಾಜಲ್‌ಗೂ ನಡುವಿನ ರಬ್ಬರ್ ಉಂಗುರಗಳು ವರ್ಷಗಟ್ಟಲೆ ಬಿಸಿನೀರು ಮತ್ತು ಕ್ಲೋರಿನ್ ತಾಗಿ ಬಿರುಸಾಗಿ ಬಿರುಕು ಬಿಟ್ಟಿದ್ದವು. ಹಿಂದಿನ ಶುಚಿಕಾರ್ಯದಲ್ಲಿ ನಾಜಲ್‌ಗಳನ್ನು ಬಿಚ್ಚಿ ತೊಳೆದವರು ಅದೇ ಹಳೆಯ ಉಂಗುರಗಳೊಂದಿಗೆ ತಿರುಗಿ ಸಿಕ್ಕಿಸಿದ್ದರು. ಪಂಪ್ ಚಾಲೂ ಮಾಡುವಾಗ ಖಾಲಿ ಕೊಳವೆಗೆ ನುಗ್ಗುವ ನೀರಿನ ಹೊಡೆತ ಮೊದಲು ತಾಗುವುದು ಮೊದಲನೆಯ ಸೆಲ್‌ಗೇ.

ಮೂರನೆಯ ಸೆಲ್‌ನಲ್ಲಿ 48 ನಾಜಲ್‌ಗಳು ಪೂರ್ತಿಯಾಗಿ, 31 ಅರ್ಧಕ್ಕೆ ಕಟ್ಟಿಕೊಂಡಿದ್ದವು, ಬಹುತೇಕ ಎಲ್ಲವೂ ಲ್ಯಾಟರಲ್‌ಗಳ ತುದಿಯಲ್ಲಿ. ಬೀಸುಗಾಳಿಗೆ ಹಾರಿಬಂದು ಬೇಸಿನ್‌ಗೆ ಬಿದ್ದ ಬಗ್ಯಾಸೇ ಇದಕ್ಕೆ ಕಾರಣವೆಂದು ಎಲ್ಲರೂ ಹೇಳಿದರು. ಸಕ್ಕರೆ ಕಾರ್ಖಾನೆಯಲ್ಲಿ ಯಾವುದು ಕಟ್ಟಿದರೂ ಆರೋಪ ಬರುವುದು ಬಗ್ಯಾಸಿನ ಮೇಲೆ. ಆದರೆ ಬೇಸಿನ್‌ನ ನೀರು ನಾಜಲ್‌ಗೆ ಬರುವ ಮುನ್ನ ಕಂಡೆನ್ಸರ್ ನಳಿಕೆಗಳ ಮೂಲಕ ಹಾದುಬರಬೇಕು, ಆ ನಳಿಕೆಗಳ ಒಳವ್ಯಾಸ ನಾಜಲ್ ಬಾಯಿಗಿಂತ ಕಿರಿದು. 26 ಮಿ.ಮೀ. ಬಾಯಿಯನ್ನು ಮುಚ್ಚುವಷ್ಟು ದೊಡ್ಡ ವಸ್ತು ಬೇಸಿನ್‌ನಿಂದ ಬಂದಿದ್ದರೆ ಕಂಡೆನ್ಸರಿನಲ್ಲೇ ಸಿಕ್ಕಿಬೀಳಬೇಕಿತ್ತು, ಮತ್ತು ಕಂಡೆನ್ಸರ್ ಶುದ್ಧವಾಗಿತ್ತೆಂದು ಆಗಲೇ ಗೊತ್ತಾಗಿತ್ತು. ಹಾಗಾದರೆ ಕಸ ಹುಟ್ಟಿದ್ದು ಕಂಡೆನ್ಸರ್ ಮತ್ತು ನಾಜಲ್‌ಗಳ ನಡುವೆ.

ನಾಜಲ್‌ಗಳಿಂದ ತೆಗೆದ ಕಸವನ್ನು ತೊಳೆದು ನೋಡಿದಾಗ ಹೆಚ್ಚಿನದು ತುಕ್ಕಿನ ಮತ್ತು ಸುಣ್ಣದ ಪೊರೆಯ ಚಕ್ಕೆಗಳಾಗಿದ್ದವು, ಕೆಲವು ಅಂಗೈಯಗಲ. ಬಗ್ಯಾಸಿನ ನಾರು ಅವುಗಳ ನಡುವೆ ಸಿಕ್ಕಿ ಗಟ್ಟಿಯಾಗಿತ್ತು ಅಷ್ಟೆ. ಬಿಸಿನೀರು ಮರಳುವ ಕೊಳವೆ ಕಬ್ಬಿಣದ್ದು. ಹಂಗಾಮಿಗೂ ಬೇಸಿಗೆಯ ಉತ್ಪಾದನೆಗೂ ನಡುವೆ ಘಟಕ ನಿಂತಿದ್ದಾಗ ಕೊಳವೆ ಖಾಲಿಯಾಗಿ ಒಣಗಿತ್ತು. ಒಣಗಿದ ಪೊರೆ ಬಿರಿದು, ಪಂಪ್ ಮತ್ತೆ ಚಾಲೂ ಆದಾಗ ಚಕ್ಕೆಯಾಗಿ ಎದ್ದಿತ್ತು. ಕವಲುಗಳ ಬಳಿ ಭಾರದ ಚಕ್ಕೆಗಳು ತಿರುಗದೆ ನೇರವಾಗಿ ಮುಂದೆ ಸಾಗುವುದರಿಂದ ಕೊನೆಯ ಸೆಲ್‌ಗೆ ಅವುಗಳ ಪಾಲು ಹೆಚ್ಚು, ಅಲ್ಲಿಂದ ಲ್ಯಾಟರಲ್‌ಗೆ ಸೇರಿದವು ನೀರಿನ ವೇಗ ಸೊನ್ನೆಗಿಳಿಯುವ ತುದಿಯಲ್ಲಿ ತಂಗುತ್ತವೆ. ಒತ್ತಡವನ್ನು ಸಮನಾಗಿಸಲೆಂದು ದೊಡ್ಡದಾಗಿಟ್ಟ ಕೊಳವೆಯೇ ಕಸಕ್ಕೆ ನೆಲೆಯಾಗುವುದು ಈ ವಿನ್ಯಾಸದಿಂದ ತಪ್ಪಿಸಿಕೊಳ್ಳಲಾಗದ ಕುಂದು.

ಚಕ್ಕೆ ತುಂಬಿದ ನಾಲ್ಕು ಲ್ಯಾಟರಲ್‌ಗಳು ಭಾರಕ್ಕೆ ತುದಿಯಲ್ಲಿ ಬಾಗಿ, ನಾಜಲ್‌ಗಳು ಓರೆಯಾಗಿದ್ದವು. ಇದನ್ನು ಹಗುರವಾಗಿ ಕಾಣಬಾರದು. 2007ರ ಆಗಸ್ಟ್ 21ರಂದು ಅಮೆರಿಕದ ವರ್ಮಾಂಟ್ ಯಾಂಕಿ ಅಣುವಿದ್ಯುತ್ ಸ್ಥಾವರದ ಮರದ ಕೂಲಿಂಗ್ ಟವರ್‌ನಲ್ಲಿ ಒಂದು ಸೆಲ್‌ನ ಭಾಗ ಕುಸಿದು, ನೀರು ಹಂಚುವ ದೊಡ್ಡ ಕೊಳವೆ ಮುರಿದು ನೀರು ಧುಮ್ಮಿಕ್ಕಿದಾಗ, ಕಾರಣವೆಂದು ಕಂಡದ್ದು ಆಧಾರದ ಮರಗಳ ಒಳಕೊಳೆತ. ಹಂಚಿಕೆಯ ಕೊಳವೆಗಳಲ್ಲಿ ಸದಾ ಟನ್‌ಗಟ್ಟಲೆ ನೀರು ತೂಗುತ್ತಿರುತ್ತದೆಂಬುದು ಕೆಳಗೆ ನಿಂತವರ ಗಮನಕ್ಕೆ ಬರುವುದಿಲ್ಲ.

ದುರಸ್ತಿ ಮತ್ತು ಫಲ

ಮೊದಲ ಸೆಲ್‌ಗೆ ಹೊಸ ನಾಜಲ್‌ಗಳನ್ನು ಹಾಕುವುದರ ಜೊತೆಗೆ ಉಳಿದ 213ರ ಉಂಗುರಗಳನ್ನೂ ಬದಲಿಸಲಾಯಿತು. ಕಳಚದೆ ಉಳಿದವು ಗಟ್ಟಿಯಾಗಿವೆ ಎಂದು ನಂಬಲು ಆಧಾರವಿರಲಿಲ್ಲ. ಮೂರನೆಯ ಸೆಲ್‌ನ ಲ್ಯಾಟರಲ್‌ಗಳ ತುದಿಗಳು ಅಂಟಿನಿಂದ ಮುಚ್ಚಿದ್ದುದರಿಂದ ಒಳಗಿನ ಕಸವನ್ನು ಹೊರಹಾಕುವ ದಾರಿಯೇ ಇರಲಿಲ್ಲ. ಆ ತುದಿಗಳನ್ನು ಕತ್ತರಿಸಿ ತಿರುಪಿನ ಮುಚ್ಚಳಗಳನ್ನು ಕೂರಿಸಿ, ಒಂದೊಂದನ್ನೇ ತೆರೆದು ಪಂಪಿನ ನೀರಿನಿಂದಲೇ ತೊಳೆಯಲಾಯಿತು. ನಾಜಲ್ ಬಿಚ್ಚಿ ತೊಳೆದು ಲ್ಯಾಟರಲ್ಲನ್ನು ಹಾಗೆಯೇ ಬಿಟ್ಟಿದ್ದರೆ ತುದಿಯ ಕಸ ಮರುದಿನವೇ ಮತ್ತೆ ಬಾಯಿಗೆ ಬರುತ್ತಿತ್ತು. ಬಾಗಿದ ಲ್ಯಾಟರಲ್‌ಗಳಿಗೆ ಹೆಚ್ಚುವರಿ ಆಧಾರ ಕೊಡಲಾಯಿತು. ಈ ನಡುವೆ, ಮೊದಲ ಸೆಲ್‌ನ ವಾಲ್ವನ್ನು ಅರ್ಧ ಮುಚ್ಚಿ ಹರಿವನ್ನು ಸಮಮಾಡಿದರೆ ಸಾಲದೇ ಎಂಬ ಸಲಹೆ ಕಾರ್ಖಾನೆಯ ಕಡೆಯಿಂದ ಬಂದಿತ್ತು. ಹಾಗೆ ಮಾಡಿದ್ದರೆ ಮೂರು ರೈಸರ್‌ಗಳ ಅಂಕಿಗಳು ಒಂದಾಗುತ್ತಿದ್ದವು, ಆದರೆ ಮೊದಲ ಸೆಲ್‌ನಲ್ಲಿ ಒತ್ತಡ ಇನ್ನಷ್ಟು ಇಳಿದು ಸರಿಯಿದ್ದ 213 ನಾಜಲ್‌ಗಳ ಕೊಡೆಗಳೂ ಮುದುಡುತ್ತಿದ್ದವು.

ಫ್ಯಾನ್ ಬ್ಲೇಡುಗಳನ್ನು ಮೊದಲಿನ ಕೋನಕ್ಕೆ ತಂದು, ಮೂರನೆಯ ಪಂಪ್ ನಿಲ್ಲಿಸಿ ಅಳೆದಾಗ, ಮೂರೂ ಸೆಲ್‌ಗಳ ಹರಿವು 2,000ದ ಆಚೀಚೆ ನೂರಕ್ಕೆ ಮೂರರೊಳಗೆ ಬಂದಿತು. ವೆಟ್ ಬಲ್ಬ್ ತಾಪಮಾನ 25 ಡಿಗ್ರಿಯಲ್ಲಿ ತಣ್ಣೀರು 31.5. ನಿರೀಕ್ಷಿತ 31ಕ್ಕೆ ಅದು ಪೂರ್ತಿ ಇಳಿಯಲಿಲ್ಲ, ಮತ್ತು ಅದಕ್ಕೆ ಕಾರಣ ಮೂರನೆಯ ಸೆಲ್‌ನ ಫಿಲ್. ಒಣಗಿದ ಜಾಗಕ್ಕೂ ನೀರು ಬೀಳುವ ಜಾಗಕ್ಕೂ ನಡುವಿನ ಗಡಿಯಲ್ಲಿ ಫಿಲ್ ಹಾಳೆಗಳು ಒದ್ದೆಯಾಗುತ್ತ ಒಣಗುತ್ತ, ಆವಿಯಾದ ನೀರು ಬಿಟ್ಟುಹೋದ ಸುಣ್ಣ ಅಲ್ಲಿಯೇ ಕಟ್ಟುತ್ತ ಬಂದು, ಎರಡೂ ಹೊರಗೋಡೆಗಳ ಉದ್ದಕ್ಕೂ ಹಾಳೆಗಳ ನಡುವಿನ ಸಂದುಗಳು ಮುಚ್ಚಿಹೋಗಿದ್ದವು. ನೀರು ಮತ್ತೆ ಬಿದ್ದ ಮಾತ್ರಕ್ಕೆ ಆ ಸುಣ್ಣ ಕರಗುವುದಿಲ್ಲ. ಆಮ್ಲದಿಂದ ತೊಳೆಯುವುದನ್ನು ಯೋಚಿಸಿದರೂ, ಬೇಸಿನ್‌ನ ಕಾಂಕ್ರೀಟು ಮತ್ತು ಕಬ್ಬಿಣದ ಕೊಳವೆಗಳ ದೃಷ್ಟಿಯಿಂದ ಅದನ್ನು ಕೈಬಿಡಲಾಯಿತು. ಆ ಎರಡು ಪಟ್ಟಿಗಳ ಫಿಲ್ಲನ್ನು ಮುಂದಿನ ನಿಲುಗಡೆಯಲ್ಲಿ ಬದಲಿಸುವುದೆಂದು ತೀರ್ಮಾನವಾಗಿದೆ.

ಕಾರ್ಯವಿಧಾನದಲ್ಲಿ ಎರಡು ಬದಲಾವಣೆಗಳಾದವು. ಘಟಕ ನಿಂತು ಮತ್ತೆ ಆರಂಭವಾಗುವಾಗ ಬಿಸಿನೀರಿನ ಕೊಳವೆಯ ಮೊದಲ ನೀರನ್ನು ಲ್ಯಾಟರಲ್‌ಗಳಿಗೆ ಬಿಡದೆ, ಬೈಪಾಸ್ ಮೂಲಕ ನೇರವಾಗಿ ಬೇಸಿನ್‌ಗೆ ಇಳಿಸಿ, ಚಕ್ಕೆಗಳನ್ನು ಪಂಪಿನ ಮುಂದಿನ ಜಾಲರಿಯಲ್ಲಿ ಹಿಡಿಯಲಾಗುತ್ತಿದೆ. ಅಲ್ಪಾವಧಿಯ ನಿಲುಗಡೆಗಳಲ್ಲಿ ಕೊಳವೆಯನ್ನು ಖಾಲಿ ಮಾಡದೆ ತುಂಬಿಯೇ ಇಡಲಾಗುತ್ತಿದೆ. ಪಾರದರ್ಶಕ ನಳಿಕೆಗಳು ಅಲ್ಲಿಯೇ ಉಳಿದಿವೆ. ಲಾಗ್ ಶೀಟಿನಲ್ಲಿ ಮುಖ್ಯ ಕೊಳವೆಯ ಒತ್ತಡದ ಕಾಲಂ ಈಗಲೂ ಇದೆ; ಅದರ ಪಕ್ಕದಲ್ಲಿ ಮೂರೂ ಸೆಲ್‌ಗಳ ನೀರಿನ ಮಟ್ಟ ಪ್ರತಿ ಪಾಳಿಯಲ್ಲೂ, ರೈಸರ್‌ಗಳ ಹರಿವು ತಿಂಗಳಿಗೊಮ್ಮೆಯೂ ಬರೆಯಲ್ಪಡುತ್ತದೆ, ಮತ್ತು ತಣ್ಣೀರಿನ ತಾಪಮಾನವನ್ನು ಸೆಲ್‌ಗಳ ಅಂಚಿನಲ್ಲಿ ಅಳೆಯುವ ಬದಲು ಪಂಪಿನ ಬಾಯಲ್ಲಿ, ಮೂರೂ ಸೆಲ್‌ಗಳ ನೀರು ಬೆರೆತ ಮೇಲೆ ಅಳೆಯಲಾಗುತ್ತದೆ.